ರಿಮೋಟ್ ಸ್ಟಾರ್ಟ್‌ಗೆ ದುಡ್ಡು ಕಟ್ಟೋ ಮುಂಚೆ ಕಾರು ನಿಲ್ಲೋ ಜಾಗ ನೋಡಿ

ಹೊಸ ಕಾರು ಕೊಡೋ ದಿನ ಶೋರೂಮಿನವರೇ ಫೋನ್ ಇಸ್ಕೊಂಡು ಆ್ಯಪ್ ಹಾಕ್ತಾರೆ, ಓಟಿಪಿ ಕೇಳ್ತಾರೆ, ಹತ್ತು ಮಾರು ದೂರ ನಿಂತು ಒಂದು ಬಟನ್ ಒತ್ತಿ ಇಂಜಿನ್ ಸ್ಟಾರ್ಟ್ ಮಾಡಿ ತೋರಿಸ್ತಾರೆ. ಚಕ್ರದಡಿ ನಿಂಬೆಹಣ್ಣು ಇಡೋ ಗಡಿಬಿಡಿಯಲ್ಲಿ ಇದು ಎಷ್ಟು ವರ್ಷ ಪುಕ್ಕಟೆ, ಆಮೇಲೆ ಎಷ್ಟು ಅಂತ ಕೇಳೋದು ಯಾರಿಗೂ ನೆನಪಾಗಲ್ಲ. ಮೂರೋ ಐದೋ ವರ್ಷ ಕಳೆದ ಮೇಲೆ ಒಂದು ಬೆಳಗ್ಗೆ ಆ್ಯಪ್ ತೆಗೆದರೆ ‘ಅವಧಿ ಮುಗಿದಿದೆ, ನವೀಕರಿಸಿ’ ಅಂತ ಬಂದು ಕೂತಿರುತ್ತೆ.

ಒಳಗೇ ಸಿಮ್ ಇರೋ ಕಾರುಗಳು ನಮ್ಮ ದೇಶದಲ್ಲಿ ಮಧ್ಯಮ ವರ್ಗದವರ ಕೈಗೆ ಬಂದಿದ್ದು 2019ರಲ್ಲಿ. ಮೇ ತಿಂಗಳಲ್ಲಿ ಹ್ಯುಂಡೈ ವೆನ್ಯೂ, ಜೂನ್‌ನಲ್ಲಿ ಎಂಜಿ ಹೆಕ್ಟರ್, ಆಗಸ್ಟ್‌ನಲ್ಲಿ ಕಿಯಾ ಸೆಲ್ಟೋಸ್. ಆಮೇಲೆ ಟಾಟಾ, ಮಹೀಂದ್ರ, ಮಾರುತಿ, ಟೊಯೋಟಾ, ಹೋಂಡಾ ಎಲ್ಲರೂ ಒಂದೊಂದು ಹೆಸರಿಟ್ಟು ಇದೇ ಸೌಲಭ್ಯ ಕೊಟ್ಟರು. ಹೆಸರು ಬೇರೆ ಬೇರೆ ಆದರೂ ಒಳಗಿನ ಕೆಲಸ ಒಂದೇ ತರ. ಆದ್ದರಿಂದ ಯಾವ ಕಂಪನಿ ಕಾರಾದರೂ ಚಂದಾ ಕಟ್ಟಬೇಕಾ ಬೇಡವಾ ಅನ್ನೋದನ್ನ ಒಂದೇ ಪ್ರಶ್ನೆಯಿಂದ ಶುರು ಮಾಡಬಹುದು: ನಾವು ಒತ್ತಿದ ಬಟನ್ನಿನ ಆಜ್ಞೆ ಯಾವ ದಾರಿಯಲ್ಲಿ ಕಾರಿಗೆ ಹೋಗುತ್ತೆ?

ದಾರಿ ಎರಡು ಇವೆ. ಒಂದು ಕೀಲಿಯಿಂದ ನೇರ ಕಾರಿಗೆ. ಸ್ಮಾರ್ಟ್ ಕೀಯಲ್ಲಿ ಲಾಕ್ ಬಟನ್ ಒತ್ತಿ, ಆಮೇಲೆ ಸ್ಟಾರ್ಟ್ ಗುರುತಿನ ಬಟನ್ನನ್ನ ಎರಡು ಮೂರು ಸೆಕೆಂಡ್ ಹಿಡಿದರೆ ಇಂಜಿನ್ ಎದ್ದೇಳುತ್ತೆ. ಇದು 433 ಮೆಗಾಹರ್ಟ್ಸ್ ಆಸುಪಾಸಿನ ಪುಟ್ಟ ರೇಡಿಯೋ. ಇದಕ್ಕೆ ಟವರ್ ಬೇಡ, ಇಂಟರ್ನೆಟ್ ಬೇಡ, ಕಂಪನಿಯ ಸರ್ವರ್ ಬೇಡ. ಅಂಗಳದಷ್ಟು ದೂರ ಮುಟ್ಟುತ್ತೆ, ನಡುವೆ ಎರಡು ಗೋಡೆ ಬಂದರೆ ಕಮ್ಮಿಯಾಗುತ್ತೆ, ಅಷ್ಟೇ.

ಇನ್ನೊಂದು ಆ್ಯಪ್ ದಾರಿ, ಊರೆಲ್ಲ ಸುತ್ತಿ ಬರೋದು. ಫೋನಿನಿಂದ ಹೊರಟ ಆಜ್ಞೆ ಕಂಪನಿಯ ಸರ್ವರ್‌ಗೆ ಹೋಗುತ್ತೆ. ಅಲ್ಲಿ ಖಾತೆ, ಪಿನ್, ಚಂದಾ ಎಲ್ಲ ಸರಿ ಇದೆಯಾ ಅಂತ ನೋಡಿದ ಮೇಲೆ ಮೊಬೈಲ್ ಟವರ್ ಮೂಲಕ ಕಾರಿನೊಳಗಿನ ಟೆಲಿಮ್ಯಾಟಿಕ್ಸ್ ಯೂನಿಟ್‌ಗೆ ಬರುತ್ತೆ. ಅದು ಡ್ಯಾಶ್‌ಬೋರ್ಡ್ ಒಳಗೆ ಕೂತಿರೋ ಸಣ್ಣ ಡಬ್ಬಿ. ಅದರಲ್ಲಿ ಸಿಮ್, ಮೋಡೆಮ್, ಜಿಪಿಎಸ್ ಇರುತ್ತೆ, ಕೆಲವದರಲ್ಲಿ ಒಂದು ಚಿಕ್ಕ ಬ್ಯಾಟರಿ ಕೂಡ. ಮಲಗಿದ್ದ ಡಬ್ಬಿ ಎಚ್ಚರಾಗಿ, ಬಾಗಿಲು-ದೀಪ ನೋಡಿಕೊಳ್ಳೋ ಬಾಡಿ ಕಂಟ್ರೋಲ್ ಯೂನಿಟ್‌ಗೆ ಹೇಳುತ್ತೆ, ಅದು ಬಾಗಿಲು, ಗೇರ್, ಬಾನೆಟ್ ಎಲ್ಲ ಸರಿ ಇದ್ದರೆ ಇಂಜಿನ್ ಕಂಪ್ಯೂಟರ್‌ಗೆ ಹೇಳುತ್ತೆ, ಆಮೇಲೆ ಸೆಲ್ಫ್ ಹೊಡೆಯುತ್ತೆ. ‘ಆಯ್ತು’ ಅನ್ನೋ ಉತ್ತರ ಇದೇ ದಾರಿಯಲ್ಲಿ ವಾಪಸ್ ಬರಬೇಕು. ಹತ್ತು ಸೆಕೆಂಡಿನಿಂದ ಹಿಡಿದು ಒಂದು ನಿಮಿಷದವರೆಗೆ ಆ್ಯಪ್‌ನಲ್ಲಿ ಚಕ್ರ ತಿರುಗೋದು ಇದಕ್ಕೇ.

ಹಾಸನದವರಿಗೆ ಇದು ಹೊಸ ವಿಷಯವೇನಲ್ಲ. ಸಾಲಗಾಮೆ ರಸ್ತೆಯ ಇಸ್ರೋ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಸುಮಾರು 36,000 ಕಿ.ಮೀ. ಮೇಲಿರೋ ಉಪಗ್ರಹಗಳಿಗೆ ಆಜ್ಞೆ ಕಳಿಸಿ ಉತ್ತರ ತಗೊಳ್ತಾ ಇದೆ. ಆದರೆ ಆಕಾಶದಲ್ಲಿ ತಗಡಿನ ಶೆಡ್ ಇಲ್ಲ, ನಮ್ಮ ಮನೆ ಹಿಂದೆ ಇದೆ.

ಈ ಎರಡನೇ ದಾರಿಗೆ ಕಂಪನಿಗೆ ನಿಜವಾದ ಖರ್ಚಿದೆ: ಸಿಮ್ ಡೇಟಾ, ಸರ್ವರ್, ಕಾಲ್ ಸೆಂಟರ್. ಅದಕ್ಕೆ ವರ್ಷಕ್ಕಿಷ್ಟು ಅಂತ ಕೇಳಿದರೆ ತಪ್ಪೇನೂ ಇಲ್ಲ, ಕೇಬಲ್ ಟಿವಿಗೂ ಕಟ್ತೀವಲ್ಲ. ಮೊದಲನೇ ದಾರಿಗೆ ಕೇಳಿದರೆ ಮಾತ್ರ ಕೊಡಬಾರದು. ಅಮೆರಿಕದಲ್ಲಿ 2021ರ ಡಿಸೆಂಬರಿನಲ್ಲಿ ಗಲಾಟೆ ಎದ್ದಿದ್ದು ಇದೇ ಕಾರಣಕ್ಕೆ. ಅಲ್ಲಿನ ಕೆಲವು ಟೊಯೋಟಾ ಕಾರುಗಳಲ್ಲಿ ತಿಂಗಳಿಗೆ 8 ಡಾಲರ್ ಅಥವಾ ವರ್ಷಕ್ಕೆ 80 ಡಾಲರ್ ಚಂದಾ ನಿಂತರೆ ಕೈಯಲ್ಲಿರೋ ಕೀಲಿಯ ರಿಮೋಟ್ ಸ್ಟಾರ್ಟ್ ಕೂಡ ನಿಲ್ತಿತ್ತು. 2022ರಲ್ಲಿ ಬಿಎಂಡಬ್ಲ್ಯು ಕೆಲವು ದೇಶಗಳಲ್ಲಿ ಸೀಟು ಬಿಸಿ ಮಾಡೋದಕ್ಕೂ ತಿಂಗಳ ಬಾಡಿಗೆ ಇಟ್ಟು, ಬೈಸಿಕೊಂಡು, 2023ರಲ್ಲಿ ಕೈಬಿಟ್ಟಿತು. ಸೀಟಿನೊಳಗಿನ ತಂತಿಗೆ ನಾವು ಆಗಲೇ ದುಡ್ಡು ಕೊಟ್ಟಾಗಿದೆ, ಅದಕ್ಕೆ ಟವರ್ ಯಾಕೆ ಬೇಕು? ಹಾಗಾಗಿ ಕಾರು ತಗೊಳ್ಳುವಾಗ ಸೇಲ್ಸ್‌ನವರ ಹತ್ತಿರ ಒಂದು ಸಾಲು ಬರೆಸಿಕೊಳ್ಳಿ: ಚಂದಾ ಮುಗಿದ ಮೇಲೂ ಕೀಲಿಯಿಂದ ಸ್ಟಾರ್ಟ್ ಆಗುತ್ತೆ. ಬಾಯಿಮಾತು ಸಾಲದು, ವಾಟ್ಸ್ಆ್ಯಪ್ ಮೆಸೇಜ್ ಆದರೂ ಸರಿ. ಪುಕ್ಕಟೆ ಅವಧಿ ಬಿಲ್ ದಿನದಿಂದಲೋ ಆ್ಯಪ್ ಚಾಲೂ ಮಾಡಿದ ದಿನದಿಂದಲೋ ಅಂತಲೂ ಕೇಳಿ. ಗೋಡೌನ್‌ನಲ್ಲಿ ತಿಂಗಳುಗಟ್ಟಲೆ ನಿಂತಿದ್ದ ಕಾರಾದರೆ, ಇಲ್ಲಾ ಡೆಮೋ ಕಾರಾದರೆ, ನಿಮ್ಮ ಕೈಗೆ ಬರೋ ಹೊತ್ತಿಗೆ ಒಂದಷ್ಟು ತಿಂಗಳು ಆಗಲೇ ಸವೆದಿರಬಹುದು. ಆ್ಯಪ್‌ನಲ್ಲಿ ಖಾತೆಯ ಪುಟ ತೆಗೆದರೆ ಮುಗಿಯೋ ತಾರೀಖು ಕಾಣುತ್ತೆ.

ಶೆಡ್‌ನಲ್ಲಿ ಹತ್ತು ಪರೀಕ್ಷೆ

ಫೋನಿನ ಸಿಗ್ನಲ್ ಬೇರೆ, ಕಾರಿನ ಸಿಗ್ನಲ್ ಬೇರೆ. ಮಲೆನಾಡಲ್ಲಿ ಜನ ಎಡವೋದು ಇಲ್ಲೇ. ಮೂಡಿಗೆರೆ, ಆಲ್ದೂರು, ಸಕಲೇಶಪುರದ ತೋಟದ ಮನೆಗಳಲ್ಲಿ ವೈಫೈ ಚೆನ್ನಾಗಿರುತ್ತೆ, ಫೋನಿನಲ್ಲಿ ಆ್ಯಪ್ ಸಲೀಸಾಗಿ ತೆರೆಯುತ್ತೆ, ಆದರೆ ಕಾರಿಗೆ ಆ ವೈಫೈ ಲೆಕ್ಕಕ್ಕಿಲ್ಲ. ಅದಕ್ಕೆ ಅದರದೇ ಟವರ್ ಸಿಗಬೇಕು. ಕಾರಿನ ಸಿಮ್ ಯಾವ ಕಂಪನಿಯದು ಅಂತ ಕಾರು ತಯಾರಿಸಿದವರು ತೀರ್ಮಾನಿಸಿರ್ತಾರೆ, ನಾವು ಬದಲಿಸೋ ಹಾಗಿಲ್ಲ. ಊರಿನಲ್ಲಿ ಬಿಎಸ್‌ಎನ್‌ಎಲ್ ಒಂದೇ ಸಿಗೋದಾದರೆ, ಕಾರಿನೊಳಗೆ ಬೇರೆ ಕಂಪನಿ ಸಿಮ್ ಇದ್ದರೆ, ಚಂದಾ ಕಟ್ಟಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಪುಕ್ಕಟೆ ಅವಧಿ ಇನ್ನೂ ಇರುವಾಗಲೇ ಪರೀಕ್ಷೆ ಮಾಡಿ. ಕಾರನ್ನ ದಿನಾ ನಿಲ್ಲಿಸೋ ಜಾಗದಲ್ಲಿ, ದಿನಾ ನಿಲ್ಲಿಸೋ ದಿಕ್ಕಿಗೇ ನಿಲ್ಲಿಸಿ. ಇಂಜಿನ್ ಆಫ್ ಮಾಡೋ ಮುಂಚೆ ಸ್ಕ್ರೀನಿನ ಮೇಲ್ಗಡೆ ಇರೋ ಆಂಟೆನಾ ಗುರುತಿನಲ್ಲಿ ಎಷ್ಟು ಕಡ್ಡಿ ಇದೆ ನೋಡಿ. ಲಾಕ್ ಮಾಡಿ ಅರ್ಧ ಗಂಟೆ ಬಿಡಿ, ಕಾರಿನ ಕಂಪ್ಯೂಟರುಗಳೆಲ್ಲ ನಿದ್ದೆಗೆ ಹೋಗಬೇಕು. ಆಮೇಲೆ ಆ್ಯಪ್‌ನಿಂದ ಮೊದಲು ಲೈಟ್ ಹತ್ತಿಸೋ ಆಜ್ಞೆ ಕಳಿಸಿ, ಇಂಜಿನ್ ಮುಟ್ಟಬೇಡಿ. ಎಷ್ಟು ಸೆಕೆಂಡಿಗೆ ಹತ್ತಿತು ಬರೆದಿಡಿ. ಇದನ್ನೇ ಒಂದು ವಾರದಲ್ಲಿ ಹತ್ತು ಸಲ, ಬೇರೆ ಬೇರೆ ಹೊತ್ತಿನಲ್ಲಿ ಮಾಡಿ: ರಾತ್ರಿ ಹತ್ತಕ್ಕೆ, ಬೆಳಗ್ಗೆ ಆರಕ್ಕೆ, ಜೋರು ಮಳೆಯಲ್ಲಿ. ಕರೆಂಟ್ ಹೋಗಿ ಮೂರ್ನಾಲ್ಕು ಗಂಟೆ ಆದ ಮೇಲೆ ಒಂದು ಸಲ ಕಡ್ಡಾಯವಾಗಿ ಮಾಡಿ, ಯಾಕೆಂದರೆ ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋದರೆ ಟವರಿನ ಬ್ಯಾಟರಿ ಮುಗಿದು ಟವರೇ ಮಲಗುತ್ತೆ. ಹತ್ತರಲ್ಲಿ ಎಂಟಕ್ಕಿಂತ ಕಮ್ಮಿ ಸಲ ಕೆಲಸ ಮಾಡಿದರೆ ರಿಮೋಟ್ ಸ್ಟಾರ್ಟ್‌ಗೋಸ್ಕರ ಚಂದಾ ಕಟ್ಟಬೇಡಿ.

ಕಟ್ಟಲ್ಲ ಅಂತ ತೀರ್ಮಾನಿಸೋ ಮುಂಚೆ ಕಾರನ್ನ ಎರಡು ಅಡಿ ಆಚೀಚೆ ಮಾಡಿ ನೋಡಿ. ಆಂಟೆನಾ ಸಾಮಾನ್ಯವಾಗಿ ಚಾವಣಿ ಮೇಲಿನ ಮೀನಿನ ರೆಕ್ಕೆ ತರದ ಭಾಗದಲ್ಲಿರುತ್ತೆ, ಕೆಲವು ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಒಳಗೆ. ತಗಡಿನ ಶೀಟು ಸಿಗ್ನಲನ್ನ ತಡೆಯುತ್ತೆ, ಹೆಂಚು ಅಷ್ಟಾಗಿ ತಡೆಯಲ್ಲ. ಅದಕ್ಕೇ ಹಳೇ ಹೆಂಚಿನ ಕೊಟ್ಟಿಗೆಯಲ್ಲಿ ಓಡೋ ಆ್ಯಪ್ ಹೊಸ ತಗಡಿನ ಶೆಡ್‌ನಲ್ಲಿ ಓಡಲ್ಲ. ಮೂತಿ ಒಳಗೆ ಮಾಡಿ ನಿಲ್ಲಿಸೋದನ್ನ ತಿರುಗಿಸಿ, ಆ ರೆಕ್ಕೆ ಶೀಟಿನ ಅಂಚಿನಿಂದ ಹೊರಗೆ ಬರೋ ಹಾಗೆ ನಿಲ್ಲಿಸಿದರೆ ಇಲ್ಲದ ಕಡ್ಡಿ ಎರಡು ಬರೋದುಂಟು.

ಜಿಪಿಎಸ್ ವಿಷಯದಲ್ಲೂ ಇದೇ ಗೊಂದಲ. ಚಾರ್ಮಾಡಿ ಘಾಟಿಯಲ್ಲೋ ಶಿರಾಡಿಯಲ್ಲೋ ಕಾರಿಗೆ ತಾನೆಲ್ಲಿದ್ದೀನಿ ಅನ್ನೋದು ಉಪಗ್ರಹದಿಂದ ಗೊತ್ತಿರುತ್ತೆ, ಅದನ್ನ ಮನೆಯವರಿಗೆ ತಿಳಿಸೋದಕ್ಕೆ ಟವರ್ ಬೇಕು. ಟವರ್ ಇಲ್ಲದ ಕಡೆ ಆ್ಯಪ್ ತೋರಿಸೋದು ಕೊನೇ ಸಲ ಕಳಿಸಿದ ಜಾಗ. ಕೊಟ್ಟಿಗೆಹಾರದಲ್ಲಿ ಕಾರು ನಿಂತುಬಿಟ್ಟಿದೆ ಅಂತ ಮನೆಯಲ್ಲಿ ಗಾಬರಿ ಬೀಳೋ ಮುಂಚೆ, ಜಾಗದ ಕೆಳಗೆ ಬರೆದಿರೋ ಗಂಟೆ ನಿಮಿಷ ನೋಡಿ.

ಸಿಗ್ನಲ್ ಇದ್ದೂ ಸ್ಟಾರ್ಟ್ ಆಗದಿದ್ದರೆ

ಆಜ್ಞೆ ಕಾರಿನವರೆಗೆ ಹೋಗಿ ಅಲ್ಲಿ ತಿರಸ್ಕಾರ ಆಗೋದೂ ಇದೆ. ಆಗ ಆ್ಯಪ್ ‘ವಿಫಲ’ ಅಂತಷ್ಟೇ ಹೇಳಿ ಸುಮ್ಮನಾಗುತ್ತೆ, ಕಾರಣ ಸರಿಯಾಗಿ ಹೇಳಲ್ಲ. ಬಹುತೇಕ ಕಾರುಗಳಲ್ಲಿ ಇರೋ ಷರತ್ತುಗಳು ಇವು: ಎಲ್ಲಾ ಬಾಗಿಲು, ಡಿಕ್ಕಿ, ಬಾನೆಟ್ ಮುಚ್ಚಿ ಲಾಕ್ ಆಗಿರಬೇಕು, ಆಟೋಮ್ಯಾಟಿಕ್ ಆದರೆ ಗೇರ್ ಪಾರ್ಕಿಂಗ್‌ನಲ್ಲಿರಬೇಕು, ಕೀಲಿ ಒಳಗೆ ಬಿಟ್ಟಿರಬಾರದು, ಇಂಡಿಕೇಟರ್ ನಾಲ್ಕೂ ಮಿಂಚ್ತಿರಬಾರದು, ಇಂಜಿನ್ ದೋಷದ ದೀಪ ಹತ್ತಿರಬಾರದು, ಟ್ಯಾಂಕ್ ಖಾಲಿಯ ಹತ್ತಿರ ಇರಬಾರದು.

ಇದರಲ್ಲಿ ನಮ್ಮ ಕಡೆ ಹೆಚ್ಚು ಅನುಮಾನ ಪಡಬೇಕಾದ್ದು ಬಾನೆಟ್ ಸ್ವಿಚ್. ಬಾನೆಟ್ ಬೀಗದ ಜೊತೆ ಒಂದು ಪುಟ್ಟ ಸ್ವಿಚ್ ಇರುತ್ತೆ, ಅದರಿಂದ ಎರಡು ಸಪೂರ ತಂತಿ ಹೊರಟಿರುತ್ತೆ. ತೋಟದ ಕೆಸರು ಆ ಬೀಗದೊಳಗೆ ಗಟ್ಟಿಯಾಗಿ ಕೂತರೆ, ಇಲ್ಲಾ ಇಲಿ ಆ ತಂತಿ ಕಡಿದರೆ, ಬಾನೆಟ್ ಮುಚ್ಚಿದ್ದರೂ ಕಾರು ತೆರೆದಿದೆ ಅಂದುಕೊಳ್ಳುತ್ತೆ. ಕಾರು ಓಡಿಸೋದಕ್ಕೆ ಏನೂ ತೊಂದರೆ ಇಲ್ಲ, ಆದ್ದರಿಂದ ಗೊತ್ತೇ ಆಗಲ್ಲ, ರಿಮೋಟ್ ಸ್ಟಾರ್ಟ್ ಮಾತ್ರ ಸತ್ತಿರುತ್ತೆ. ಮೀಟರಿನಲ್ಲಿ ಬಾನೆಟ್ ತೆರೆದ ಚಿತ್ರ ಬರ್ತಿದೆಯಾ ನೋಡಿ. ಬಂದರೆ ಬೀಗವನ್ನ ಬ್ರಷ್ ಹಾಕಿ ತೊಳೆದು, ಒಣಗಿಸಿ, ಸ್ವಲ್ಪ ಲೂಬ್ರಿಕೆಂಟ್ ಸ್ಪ್ರೇ ಹೊಡೆದು ನಾಲ್ಕೈದು ಸಲ ಮುಚ್ಚಿ ತೆಗೆಯಿರಿ. ಆಗಲೂ ಹೋಗದಿದ್ದರೆ ತಂತಿ ನೋಡಿಸಿ. ಇಷ್ಟು ಸಣ್ಣ ಕೆಲಸಕ್ಕೆ ಟೆಲಿಮ್ಯಾಟಿಕ್ಸ್ ಡಬ್ಬಿಯನ್ನೇ ಬದಲಿಸಬೇಕು ಅಂತ ಯಾರಾದರೂ ಅಂದರೆ ಒಪ್ಪಬೇಡಿ.

ಮ್ಯಾನುಯಲ್ ಗೇರಿನ ಕೆಲವು ಕಾರುಗಳಿಗೂ ರಿಮೋಟ್ ಸ್ಟಾರ್ಟ್ ಇದೆ. ಅದಕ್ಕೆ ಗೇರ್ ನ್ಯೂಟ್ರಲ್‌ನಲ್ಲಿರಬೇಕು, ಹ್ಯಾಂಡ್ ಬ್ರೇಕ್ ಎಳೆದಿರಬೇಕು. ಇದು ಬೆಂಗಳೂರಿನ ಬೇಸ್‌ಮೆಂಟಿಗೆ ಸರಿ. ಕೊಪ್ಪ, ಶೃಂಗೇರಿ ಕಡೆ ಮನೆ ಮುಂದಿನ ಇಳಿಜಾರಿನಲ್ಲಿ ಕಾರು ನಿಲ್ಲಿಸೋರು ಹ್ಯಾಂಡ್ ಬ್ರೇಕ್ ಎಳೆದು, ಫಸ್ಟ್ ಗೇರಿಗೋ ರಿವರ್ಸಿಗೋ ಹಾಕಿ, ಚಕ್ರಕ್ಕೊಂದು ಕಲ್ಲು ಕೊಟ್ಟು ಬರ್ತಾರೆ. ಆ ಅಭ್ಯಾಸ ಸರಿಯಾದದ್ದು. ಬೆಳಗ್ಗೆ ಫೋನಿನಿಂದ ಸ್ಟಾರ್ಟ್ ಮಾಡೋ ಆಸೆಗೆ ಇಳಿಜಾರಿನಲ್ಲಿ ನ್ಯೂಟ್ರಲ್ ಬಿಟ್ಟರೆ ಇಡೀ ಕಾರಿನ ಭಾರ ಒಂದು ಹ್ಯಾಂಡ್ ಬ್ರೇಕ್ ಕೇಬಲ್ ಮೇಲೆ. ಮಟ್ಟಸ ಜಾಗ ಇಲ್ಲದಿದ್ದರೆ ಮ್ಯಾನುಯಲ್ ಕಾರಿನಲ್ಲಿ ಈ ಸೌಲಭ್ಯವನ್ನ ಮರೆತುಬಿಡಿ.

ಇನ್ನು ಬ್ಯಾಟರಿ. ನಿಂತ ಕಾರು ಕೂಡ ಸುಮಾರು 20ರಿಂದ 50 ಮಿಲಿಆಂಪ್ ಕುಡೀತಾ ಇರುತ್ತೆ. 40 ಅಂತ ಹಿಡಿದರೆ ದಿನಕ್ಕೆ ಹೆಚ್ಚುಕಮ್ಮಿ 1 ಆಂಪ್‌ಅವರ್. 45 ಆಂಪ್‌ಅವರ್ ಬ್ಯಾಟರಿ ಮೂರು ವಾರ ನಿಂತರೆ ಅರ್ಧಕ್ಕೆ ಬರುತ್ತೆ, ಹಳೇ ಬ್ಯಾಟರಿ ಅಷ್ಟರಲ್ಲಿ ಕೈ ಎತ್ತುತ್ತೆ. ಇದನ್ನ ತಪ್ಪಿಸೋದಕ್ಕೇ ಕೆಲವು ದಿನ ಕಾರು ಮುಟ್ಟದಿದ್ದರೆ ಟೆಲಿಮ್ಯಾಟಿಕ್ಸ್ ಡಬ್ಬಿ ಗಾಢ ನಿದ್ದೆಗೆ ಹೋಗಿ ಆ್ಯಪ್‌ಗೆ ಉತ್ತರ ಕೊಡೋದನ್ನೇ ನಿಲ್ಲಿಸುತ್ತೆ. ಹಾಳಾಯ್ತು ಅಂದುಕೊಳ್ಳಬೇಡಿ, ಒಂದು ಸಲ ಕೀಲಿಯಿಂದ ಸ್ಟಾರ್ಟ್ ಮಾಡಿದರೆ ಸರಿಹೋಗುತ್ತೆ. ದಿನಕ್ಕೆ ಇಪ್ಪತ್ತು ಸಲ ಆ್ಯಪ್ ತೆಗೆದು ಕಾರು ಎಲ್ಲಿದೆ ಅಂತ ನೋಡೋರು, ಪ್ರತಿ ಸಲವೂ ಮಲಗಿದ ಡಬ್ಬಿಯನ್ನ ಎಬ್ಬಿಸ್ತಿದ್ದೀವಿ ಅನ್ನೋದು ನೆನಪಿಡಿ. ಮಲ್ಟಿಮೀಟರ್ ಇದ್ದರೆ ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ ಅಳೆಯಿರಿ: 12.6 ವೋಲ್ಟ್ ಅಂದರೆ ತುಂಬಿದೆ, 12.2 ಅಂದರೆ ಅರ್ಧ, 11.8 ಅಂದರೆ ಮುಗೀತು. ಬ್ಯಾಟರಿ ತುಂಬಲಿ ಅಂತ ರಿಮೋಟ್ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಡೋದರಿಂದ ಹೇಳಿಕೊಳ್ಳೋ ಲಾಭ ಇಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿ.

ಮಂಜು, ಬಿಸಿಲು, ಹೊಗೆ

ಇಂಜಿನ್ ಬಿಸಿಯಾಗಲಿ ಅಂತ ಹತ್ತು ನಿಮಿಷ ಮೊದಲೇ ಸ್ಟಾರ್ಟ್ ಮಾಡೋ ಅಗತ್ಯ ನಮ್ಮ ಹವಾಮಾನದಲ್ಲಿ ಇಲ್ಲವೇ ಇಲ್ಲ. ಡಿಸೆಂಬರಿನಲ್ಲಿ ಚಿಕ್ಕಮಗಳೂರು ಎಷ್ಟೇ ಚಳಿಯಾದರೂ ಅದು ಮಂಜುಗಡ್ಡೆ ಕಟ್ಟೋ ಚಳಿಯಲ್ಲ. ಈಗಿನ ಇಂಜಿನ್‌ಗೆ ಅರ್ಧ ನಿಮಿಷ ಸಾಕು, ಆಮೇಲೆ ಮೊದಲ ಎರಡು ಮೂರು ಕಿ.ಮೀ. ಮೆತ್ತಗೆ ಓಡಿಸಿದರೆ ಬಿಸಿಯಾಗುತ್ತೆ. 2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಕಾರುಗಳಿಗಂತೂ ನಿಂತಲ್ಲೇ ಇಂಜಿನ್ ಓಡೋದು ಒಳ್ಳೇದಲ್ಲ: ಸೈಲೆನ್ಸರ್ ಸಾಲಿನ ಫಿಲ್ಟರ್‌ನಲ್ಲಿ ಮಸಿ ಸೇರುತ್ತೆ, ಅದನ್ನ ಸುಡೋಷ್ಟು ಶಾಖ ಐಡಲ್‌ನಲ್ಲಿ ಹುಟ್ಟಲ್ಲ.

ನಿಜವಾದ ಉಪಯೋಗ ಎರಡು. ಒಂದು, ಏಪ್ರಿಲ್-ಮೇ ಮಧ್ಯಾಹ್ನ ಬಿಸಿಲಲ್ಲಿ ನಿಂತು ಕಾದ ಕಾರಿನೊಳಗೆ ಮಗುವನ್ನೋ ವಯಸ್ಸಾದವರನ್ನೋ ಕೂರಿಸೋ ಮುಂಚೆ ತಂಪು ಮಾಡೋದು. ಮೂರ್ನಾಲ್ಕು ನಿಮಿಷ ಸಾಕು. ಇನ್ನೊಂದು, ಮಳೆಗಾಲದ ಬೆಳಗ್ಗೆ ಗಾಜಿಗೆ ಕಟ್ಟೋ ಮಂಜು. ಒದ್ದೆ ಛತ್ರಿ, ಒದ್ದೆ ಮ್ಯಾಟು ರಾತ್ರಿಯೆಲ್ಲ ಒಳಗಿದ್ದ ಕಾರಿನ ಗಾಜು ಬೆಳಗ್ಗೆ ಹಾಲು ಬಳಿದ ಹಾಗಿರುತ್ತೆ, ಅಂಗೈಯಲ್ಲಿ ಒರೆಸಿದರೆ ಗೆರೆಗೆರೆ ಉಳಿದು ಎದುರಿನ ಲೈಟು ಬಿದ್ದಾಗ ಏನೂ ಕಾಣಲ್ಲ. ಆ ತೇವ ತೆಗೆಯೋದು ಎಸಿ. ಎಸಿ ಆನ್, ಹೊರಗಿನ ಗಾಳಿ ಒಳಗೆ ಬರೋ ಕಡೆಗೆ ಬಟನ್, ಗಾಳಿ ಮುಂದಿನ ಗಾಜಿಗೆ, ತಾಪ 24-25 ಡಿಗ್ರಿ. ಆಟೋಮ್ಯಾಟಿಕ್ ಎಸಿ ಇದ್ದರೆ ಆ್ಯಪ್‌ನಲ್ಲೇ ತಾಪ ಹೊಂದಿಸಬಹುದು, ಕೆಲವದರಲ್ಲಿ ಗಾಜಿಗೆ ಗಾಳಿ ಬಿಡೋ ಆಯ್ಕೆಯೂ ಇರುತ್ತೆ. ತಿರುಗಿಸೋ ಗುಬುಟಿನ ಎಸಿ ಆದರೆ ಹಿಂದಿನ ದಿನ ಹೇಗೆ ಬಿಟ್ಟಿದ್ದಿರೋ ಹಾಗೇ ಶುರುವಾಗುತ್ತೆ. ಆದ್ದರಿಂದ ರಾತ್ರಿ ಇಳಿಯೋ ಮುಂಚೆಯೇ ಗುಬುಟು ಗಾಜಿನ ಗುರುತಿಗೆ ತಿರುಗಿಸಿಡಿ. ಎಸಿ ತೀರಾ ತಣ್ಣಗಿಟ್ಟರೆ ಗಾಜಿನ ಹೊರಗಡೆ ಮಂಜು ಕಟ್ಟುತ್ತೆ, ಅದಕ್ಕೆ ವೈಪರ್ ಒಂದು ಸಲ ಆಡಿಸಿ ತಾಪ ಏರಿಸಬೇಕು.

ಹೊಗೆಯ ವಿಷಯ ಮಾತ್ರ ತಮಾಷೆಯಲ್ಲ. ತಣ್ಣಗಿನ ಇಂಜಿನ್ ಸ್ಟಾರ್ಟ್ ಆದ ಮೊದಲ ನಿಮಿಷಗಳಲ್ಲಿ ಹೊಗೆಯ ವಿಷ ಕಮ್ಮಿ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಇನ್ನೂ ಕಾದಿರಲ್ಲ, ಕಾರ್ಬನ್ ಮೊನಾಕ್ಸೈಡ್ ಹೆಚ್ಚು ಬರೋದು ಆಗಲೇ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಶಟರ್ ಎಳೆದ ಗ್ಯಾರೇಜು, ಅಡುಗೆಮನೆಗೆ ಬಾಗಿಲಿರೋ ಶೆಡ್ಡು, ಮೇಲೆ ಮಲಗೋ ಕೋಣೆ ಇರೋ ಗೋಡೌನು, ಇಂಥ ಕಡೆ ಕಾರು ನಿಲ್ಲಿಸೋರು ಆ್ಯಪ್‌ನಲ್ಲಿ ರಿಮೋಟ್ ಸ್ಟಾರ್ಟನ್ನ ಮುಟ್ಟಲೇಬಾರದು, ಕೀಲಿಯಿಂದಲೂ ಮಾಡಬಾರದು. ಪಿನ್ ಕೇಳೋ ಹಾಗೆ ಇಟ್ಟು, ಮಕ್ಕಳ ಕೈಗೆ ಹೋಗೋ ಫೋನಿನಲ್ಲಿ ಆ್ಯಪ್ ಇಡಬೇಡಿ. ಇಂಜಿನ್ ಸಾಮಾನ್ಯವಾಗಿ ಹತ್ತು ನಿಮಿಷಕ್ಕೆ ತಾನೇ ಆಫ್ ಆಗುತ್ತೆ ನಿಜ, ಮುಚ್ಚಿದ ಶೆಡ್‌ನಲ್ಲಿ ಅಷ್ಟು ಹೊತ್ತೇ ಸಾಕು ಅಪಾಯಕ್ಕೆ. ವಿದ್ಯುತ್ ಕಾರಿನವರಿಗೆ ಈ ಚಿಂತೆ ಇಲ್ಲ, ಎಸಿ ಬ್ಯಾಟರಿಯಿಂದಲೇ ಓಡುತ್ತೆ. ರಿಮೋಟ್‌ನಿಂದ ತಂಪು ಮಾಡೋದಕ್ಕೆ ಚಂದಾ ಕಟ್ಟೋದು ಯಾರಿಗಾದರೂ ಒಪ್ಪುತ್ತೆ ಅಂದರೆ ಅವರಿಗೇ.

ರಸ್ತೆ ಬದಿ ನಿಲ್ಲಿಸೋರಿಗೆ ಕಾನೂನಿನ ಮಾತೊಂದಿದೆ. 1988ರ ಮೋಟಾರು ವಾಹನ ಕಾಯ್ದೆಯ 126ನೇ ಕಲಂ ಪ್ರಕಾರ ಸಾರ್ವಜನಿಕ ಜಾಗದಲ್ಲಿ ನಿಂತ ವಾಹನದ ಡ್ರೈವರ್ ಸೀಟಿನಲ್ಲಿ ಲೈಸೆನ್ಸ್ ಇರೋರು ಇರಬೇಕು, ಇಲ್ಲದಿದ್ದರೆ ಇಂಜಿನ್ ನಿಲ್ಲಿಸಿ ಬ್ರೇಕ್ ಹಾಕಿರಬೇಕು. ಹಾಸನದ ಬಿ.ಎಂ. ರಸ್ತೆಯಲ್ಲಿ ಕಾರು ಬಿಟ್ಟು ಹೋಟೆಲ್ ಒಳಗಿನಿಂದ ಸ್ಟಾರ್ಟ್ ಮಾಡೋದು ಈ ಕಲಮಿಗೆ ವಿರುದ್ಧ. ಸ್ವಂತ ಕಾಂಪೌಂಡ್ ಒಳಗೆ ಮಾಡಿ.

ಲೆಕ್ಕ

ಚಂದಾ ದರ ಕಂಪನಿಗೊಂದು, ಮಾಡೆಲಿಗೊಂದು, ಬದಲಾಗ್ತಾನೇ ಇರುತ್ತೆ. ನಿಮ್ಮ ಆ್ಯಪ್‌ನಲ್ಲಿ ಕಂಡ ಅಂಕಿಯನ್ನ ಹೀಗೆ ಲೆಕ್ಕ ಹಾಕಿ. ವರ್ಷಕ್ಕೆ 3,000 ರೂಪಾಯಿ ಅಂತ ಇಟ್ಟುಕೊಳ್ಳೋಣ. ತೆರಿಗೆ ಸೇರಿದೆಯಾ ನೋಡಿ, ಸೇರದಿದ್ದರೆ 18% ಜಿಎಸ್‌ಟಿ ಕೂಡಿ 3,540 ಆಗುತ್ತೆ. ವರ್ಷಕ್ಕೆ 200 ದಿನ ಬಳಸಿದರೆ ಸಲಕ್ಕೆ 17 ರೂಪಾಯಿ 70 ಪೈಸೆ. 30 ದಿನ ಬಳಸಿದರೆ ಸಲಕ್ಕೆ 118 ರೂಪಾಯಿ. ಎಸಿ ಹಾಕಿ ನಿಂತಲ್ಲೇ ಓಡೋ ಸಾಧಾರಣ ಪೆಟ್ರೋಲ್ ಇಂಜಿನ್ ಗಂಟೆಗೆ ಮುಕ್ಕಾಲಿನಿಂದ ಒಂದು ಲೀಟರ್ ಕುಡಿಯುತ್ತೆ. ಹತ್ತು ನಿಮಿಷಕ್ಕೆ 125ರಿಂದ 165 ಮಿ.ಲೀ., ಲೀಟರಿಗೆ 100 ರೂಪಾಯಿ ಹಿಡಿದರೂ 12ರಿಂದ 16 ರೂಪಾಯಿ. ಅಂದರೆ ದಿನಾ ಬಳಸೋರಿಗೆ ಚಂದಾದಷ್ಟೇ ಪೆಟ್ರೋಲೂ ಹೋಗುತ್ತೆ, ಬಳಸದೋರಿಗೆ ಚಂದಾ ಬರೀ ದಂಡ.

ಚಂದಾ ಬಿಟ್ಟರೆ ಏನು ಉಳಿಯುತ್ತೆ ಅನ್ನೋದನ್ನ ಶೋರೂಮಿನವರು ಒತ್ತಿ ಹೇಳಲ್ಲ. ಆಂಡ್ರಾಯ್ಡ್ ಆಟೋ, ಬ್ಲೂಟೂತ್ ಕರೆ, ಹಾಡು, ರಿವರ್ಸ್ ಕ್ಯಾಮೆರಾ, ಟೈರ್ ಗಾಳಿ ತೋರಿಸೋ ಮೀಟರ್ ಎಲ್ಲವೂ ಇರುತ್ತೆ, ಯಾಕೆಂದರೆ ಇವು ಕಾರಿನೊಳಗಿನವು, ಇಲ್ಲಾ ನಿಮ್ಮ ಫೋನಿನ ಡೇಟಾದಲ್ಲಿ ಓಡೋವು. ದಾರಿ ತೋರಿಸೋ ಗೂಗಲ್ ಮ್ಯಾಪ್ ಚಂದಾ ಇಲ್ಲದೆಯೂ ಸ್ಕ್ರೀನಿಗೆ ಬರುತ್ತೆ. ಹೋಗೋದು ಆ್ಯಪ್‌ನಿಂದ ಲಾಕ್ ಮಾಡೋದು, ಕಾರು ಎಲ್ಲಿದೆ ನೋಡೋದು, ನಾವು ಹಾಕಿದ ಗಡಿ ದಾಟಿದರೆ ಎಚ್ಚರಿಸೋದು, ಆ್ಯಪ್‌ನ ರಿಮೋಟ್ ಸ್ಟಾರ್ಟ್, ತುರ್ತಿಗೆ ಒತ್ತೋ ಎಸ್‌ಒಎಸ್ ಬಟನ್. ಎಸ್‌ಒಎಸ್ ಹೋದರೂ ಫೋನಿನಿಂದ 112 ಇದೆ, ಆಂಬುಲೆನ್ಸ್‌ಗೆ 108 ಇದೆ. ಆದರೆ ಅಪಘಾತವಾದಾಗ ತಾನೇ ಕರೆ ಮಾಡೋ ವ್ಯವಸ್ಥೆ ನಿಮ್ಮ ಕಾರಿನಲ್ಲಿದ್ದು, ಮನೆಯವರು ರಾತ್ರಿ ಹೊತ್ತು ಹೆದ್ದಾರಿಯಲ್ಲಿ ಒಬ್ಬರೇ ಓಡಾಡೋರಾದರೆ, ನಮ್ಮ ಅಭಿಪ್ರಾಯದಲ್ಲಿ ಚಂದಾ ಕಟ್ಟೋದಕ್ಕೆ ಅದೊಂದೇ ಕಾರಣ ಸಾಕು. ರಿಮೋಟ್ ಸ್ಟಾರ್ಟ್ ಅದರ ಮುಂದೆ ಏನೂ ಅಲ್ಲ.

ಕಟ್ಟೋದೇ ಆದರೆ ಒಂದೊಂದೇ ವರ್ಷಕ್ಕೆ ಕಟ್ಟಿ. ಟವರಿನ ತಂತ್ರಜ್ಞಾನ ಬದಲಾದರೆ ಕಾರಿನೊಳಗಿನ ಮೋಡೆಮ್ ಬದಲಾಗಲ್ಲ. ಅಮೆರಿಕದಲ್ಲಿ ಎಟಿ ಅಂಡ್ ಟಿ ಅನ್ನೋ ಮೊಬೈಲ್ ಕಂಪನಿ 2022ರ ಫೆಬ್ರವರಿಯಲ್ಲಿ 3ಜಿ ನಿಲ್ಲಿಸಿದಾಗ ಎಷ್ಟೋ ಹಳೇ ಕಾರುಗಳ ಸಂಪರ್ಕ ಒಂದೇ ಏಟಿಗೆ ಹೋಯ್ತು. ಐದು ವರ್ಷದ ಪ್ಯಾಕ್‌ನಲ್ಲಿ ಉಳಿಯೋ ನಾಲ್ಕು ಕಾಸಿಗಿಂತ ಬಿಡೋ ಸ್ವಾತಂತ್ರ್ಯ ದೊಡ್ಡದು.

ಕಳ್ಳತನದ ಭಯಕ್ಕೆ ಮಾತ್ರ ಬೇಕು ಅನ್ನೋರಿಗೆ ಹೊರಗಿನ 4ಜಿ ಟ್ರ್ಯಾಕರ್ ಇದೆ. ದೊಡ್ಡ ಅನುಕೂಲ ಅಂದರೆ ನಿಮ್ಮ ಊರಿನಲ್ಲಿ ಸಿಗೋ ಕಂಪನಿಯ ಸಿಮ್ಮನ್ನೇ ಹಾಕಬಹುದು. ಫ್ಯೂಸ್ ಬಾಕ್ಸಿನಿಂದ ಫ್ಯೂಸ್ ಟ್ಯಾಪ್ ಹಾಕಿ, 1 ಅಥವಾ 2 ಆಂಪ್ ಫ್ಯೂಸ್ ಕೊಟ್ಟು ಕರೆಂಟ್ ತೆಗೆಸಿ, ತಂತಿ ಸುಲಿದು ಟೇಪ್ ಸುತ್ತೋ ಕೆಲಸ ಮಾಡಿಸಬೇಡಿ. ಜೊತೆಗೆ ಬರೋ ಇಂಜಿನ್ ನಿಲ್ಲಿಸೋ ರಿಲೇ ಹಾಕಿಸಲೇಬೇಡಿ. ಘಾಟಿ ಇಳಿಯುವಾಗ ಅದು ಕೈಕೊಟ್ಟರೆ ಇಂಜಿನ್ ಜೊತೆಗೆ ಬ್ರೇಕಿನ ಸಹಾಯವೂ ಸ್ಟೇರಿಂಗಿನ ಸಹಾಯವೂ ಹೋಗುತ್ತೆ. ಹೊರಗಡೆ ಸಿಗೋ ರಿಮೋಟ್ ಸ್ಟಾರ್ಟ್ ಕಿಟ್‌ಗಳೂ ಬೇಡ. ಸರಿಯಾದ ಕೀಲಿ ಇಲ್ಲದೆ ಇಂಜಿನ್ ಸ್ಟಾರ್ಟ್ ಆಗದ ಹಾಗೆ ತಡೆಯೋ ಇಮ್ಮೊಬಿಲೈಜರ್ ತಪ್ಪಿಸೋದಕ್ಕೆ ಎರಡನೇ ಕೀಲಿಯ ಚಿಪ್ಪನ್ನ ಕಾರಿನೊಳಗೇ ಬಚ್ಚಿಡೋ ಕಿಟ್‌ಗಳಿವೆ. ಕಾರು ಕಳುವಾದಾಗ ಇನ್ಶೂರೆನ್ಸ್‌ನವರು ಎರಡೂ ಕೀಲಿ ಕೇಳ್ತಾರೆ, ಆಗ ಏನು ಕೊಡ್ತೀರಿ?

ಸೆಕೆಂಡ್ ಹ್ಯಾಂಡ್ ಕಾರು

ಇದನ್ನ ಜನ ಮರೆಯೋದೇ ಹೆಚ್ಚು. ಆರ್‌ಸಿ ವರ್ಗಾವಣೆಯಾದರೂ ಆ್ಯಪ್ ಖಾತೆ ತಾನಾಗಿ ವರ್ಗಾವಣೆ ಆಗಲ್ಲ. ಹಳೇ ಮಾಲೀಕರ ಫೋನಿನಲ್ಲಿ ಕಾರು ಹಾಗೇ ಉಳಿದರೆ ನೀವು ಎಲ್ಲಿದ್ದೀರಿ ಅಂತ ಅವರಿಗೆ ಕಾಣುತ್ತೆ, ಬೇಕಾದರೆ ಬಾಗಿಲೂ ತೆಗೆಯಬಹುದು. ದುಡ್ಡು ಕೊಡೋ ಮುಂಚೆ, ಎದುರಿಗೇ ಕೂರಿಸಿಕೊಂಡು, ಅವರ ಆ್ಯಪ್‌ನಿಂದ ಕಾರನ್ನ ತೆಗೆಸಿ. ಮನೆಯವರಿಗೆ, ಡ್ರೈವರಿಗೆ ಹಂಚಿಕೊಟ್ಟ ಖಾತೆಗಳಿದ್ದರೆ ಅವನ್ನೂ ತೆಗೆಸಿ. ಆಮೇಲೆ ಸ್ಕ್ರೀನಿನ ಸೆಟ್ಟಿಂಗ್ಸ್‌ನಲ್ಲಿ ಫ್ಯಾಕ್ಟರಿ ರೀಸೆಟ್ ಮಾಡಿ, ಹಳೇ ಫೋನುಗಳ ಪಟ್ಟಿ ಅಳಿಸಿ. ನಿಮ್ಮ ಖಾತೆಗೆ ಚಾಸಿ ನಂಬರ್ ಹಾಕಿ ಸೇರಿಸುವಾಗ ಸಿಮ್‌ಗಾಗಿ ಗುರುತಿನ ದಾಖಲೆ ಕೇಳ್ತಾರೆ, ಆರ್‌ಸಿ ನಿಮ್ಮ ಹೆಸರಿಗೆ ಬಂದಿರಬೇಕು ಅಂತಲೂ ಕೇಳಬಹುದು. ಅಲ್ಲಿಯವರೆಗೆ ಹಳಬರು ಕಟ್ಟಿದ ಚಂದಾ ನಿಮಗೆ ಬರುತ್ತಾ ಅಂತ ಕಂಪನಿಗೆ ಮೇಲ್ ಹಾಕಿ ಉತ್ತರ ಇಟ್ಟುಕೊಳ್ಳಿ. ಮಾರೋರಿಗೂ ಇದೇ ಮಾತು: ಕಾರು ಹೋದ ಮೇಲೂ ಯುಪಿಐ ಆಟೋಪೇ ಅಥವಾ ಕಾರ್ಡಿನ ಆಟೋ ಡೆಬಿಟ್ ಚಾಲೂ ಇದ್ದರೆ ವರ್ಷವರ್ಷ ದುಡ್ಡು ಹೋಗ್ತಾನೇ ಇರುತ್ತೆ.

ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಇಂಥ ಕಂತು ಕಡಿಯೋ 24 ಗಂಟೆ ಮುಂಚೆ ಸೂಚನೆ ಬರಬೇಕು. ಆ ಮೆಸೇಜ್ ನೂರು ಜಾಹೀರಾತಿನ ನಡುವೆ ಕಳೆದುಹೋಗುತ್ತೆ, ಆದ್ದರಿಂದ ಚಂದಾ ಕಟ್ಟಿದ ದಿನವೇ ಯುಪಿಐ ಆ್ಯಪ್‌ನಲ್ಲಿ ಮ್ಯಾಂಡೇಟ್ ಪುಟ ತೆಗೆದು ಆಟೋಪೇ ರದ್ದು ಮಾಡಿ. ಕಟ್ಟಿದ ಚಂದಾ ಅವಧಿ ಮುಗಿಯೋವರೆಗೆ ನಡೆಯುತ್ತೆ. ರದ್ದು ಮಾಡಿದ ಮೇಲೂ ದುಡ್ಡು ಕಡಿದರೆ, ಇಲ್ಲಾ ಕಟ್ಟಿದರೂ ಚಾಲೂ ಆಗದಿದ್ದರೆ, ಮೊದಲು ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಟ್ಟು ನಂಬರ್ ತಗೊಳ್ಳಿ, ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಶೆಡ್‌ನಲ್ಲಿ ಮಾಡಿದ ಹತ್ತು ಪರೀಕ್ಷೆಯ ತಾರೀಖು, ಹೊತ್ತು, ಸೆಕೆಂಡು ಬರೆದ ಹಾಳೆ ಆಗ ಕೈಯಲ್ಲಿರಲಿ.